ಉಸಿರಿನ ಯಂತ್ರ ಮತ್ತು ಎಳೆಯ ಮೆದುಳು

ಗರ್ಭದಲ್ಲಿರುವ ಶಿಶುವಿಗೆ ಗಾಳಿಯ ಗೊಡವೆಯಿಲ್ಲ. ಬೇಕಾದ ಆಮ್ಲಜನಕವೆಲ್ಲ ತಾಯಿಯ ರಕ್ತದಿಂದ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆಂದು ನಾವು ಪಾಠದಲ್ಲಿ ಓದಿದ್ದೇವೆ. ಹೆರಿಗೆಯಾದೊಡನೆ ಆ ಕೆಲಸ ಶ್ವಾಸಕೋಶದ ಪಾಲಿಗೆ ಬರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿನಲ್ಲಿ ಅದು ಸಿದ್ಧವಾಗಿರುವುದಿಲ್ಲ. ಗಾಳಿಗೂಡುಗಳು ಮುದುಡಿಕೊಳ್ಳದಂತೆ ಕಾಯುವ ಲೇಪ ಅದರಲ್ಲಿ ಸಾಲದು. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಇದೇ ತೊಂದರೆಯಿಂದ ಎರಡು ದಿನಗಳೊಳಗೆ ತೀರಿಕೊಂಡಿತು. ಅಧ್ಯಕ್ಷರ ಮಗುವಿಗೂ ಆಗ ತಕ್ಕ ಚಿಕಿತ್ಸೆಯಿರಲಿಲ್ಲ. ಇಂದು ಅಂಥ ಶಿಶುಗಳಿಗೆ ಆ ಲೇಪವನ್ನೇ ಔಷಧವಾಗಿ ಕೊಡುತ್ತಾರೆ. ಬೇಕಾದರೆ ವೆಂಟಿಲೇಟರ್ ಯಂತ್ರದಿಂದ ಉಸಿರಾಡಿಸುತ್ತಾರೆ.

ಆದರೆ ಎದೆಗೆ ಊದಿದ ಗಾಳಿಯ ಪರಿಣಾಮ ಮೆದುಳಿಗೂ ಮುಟ್ಟುತ್ತದೆ. ಅದು ಹೇಗೆಂದು ನೋಡೋಣ.

ಮೆದುಳಿನ ರಕ್ತನಾಳಗಳು ಇಂಗಾಲದ ಡೈಆಕ್ಸೈಡಿನ ಮಾತು ಕೇಳುತ್ತವೆ. ರಕ್ತದಲ್ಲಿ ಅದು ಹೆಚ್ಚಿದರೆ ನಾಳಗಳು ಹಿಗ್ಗುತ್ತವೆ, ಕಡಿಮೆಯಾದರೆ ಕುಗ್ಗುತ್ತವೆ. ಬಲೂನು ಊದಿ ಊದಿ ತಲೆ ಸುತ್ತಿದ ಹುಡುಗರಿಗೆ ಇದರ ಅನುಭವವಾಗಿಯೇ ಇದೆ! ಯಂತ್ರ ಅತಿಯಾಗಿ ಉಸಿರಾಡಿಸಿದರೆ ಈ ಅನಿಲ ಬೇಗ ಹೊರಹೋಗಿ ನಾಳಗಳು ಕುಗ್ಗುತ್ತವೆ. ರಕ್ತ ಸಾಲದೆ ಮೆದುಳಿನ ಒಳಭಾಗ ಸೊರಗುತ್ತದೆ. ಅದರಿಂದ ಮುಂದೆ ಮಗುವಿನ ಕಾಲುಗಳು ಬಿಗಿದುಕೊಂಡು ನಡೆಯುವುದೇ ಕಷ್ಟವಾಗಬಹುದು. ಉಸಿರು ಸಾಲದಿದ್ದರೂ ಅಪಾಯವೇ. ಮೆದುಳಿನೊಳಗೆ ದ್ರವ ತುಂಬಿದ ಕುಹರಗಳ ಅಂಚಿನಲ್ಲಿ ಹೊಸ ಜೀವಕೋಶಗಳು ಹುಟ್ಟುವ ಒಂದು ಪದರವಿದೆ. ಅಲ್ಲಿಯ ನಾಳಗಳ ಗೋಡೆ ಬಲು ತೆಳು. ತಿಂಗಳು ತುಂಬುವ ಹೊತ್ತಿಗೆ ಈ ಪದರ ಬಹುಮಟ್ಟಿಗೆ ಕರಗಿಹೋಗುತ್ತದೆ. 32 ವಾರಗಳಿಗೆ ಮೊದಲೇ ಹುಟ್ಟಿದವರಲ್ಲಿ ಇನ್ನೂ ಉಳಿದಿರುತ್ತದೆ. ನಾಳಗಳು ಹಿಗ್ಗಿ ರಕ್ತ ನುಗ್ಗಿದರೆ ಇಲ್ಲಿಯೇ ಒಡೆಯುವುದು. ರಕ್ತದೊತ್ತಡ ಏರಿಳಿದರೂ ಹರಿವನ್ನು ಸಮನಾಗಿರಿಸಿಕೊಳ್ಳುವ ಶಕ್ತಿ ದೊಡ್ಡವರ ಮೆದುಳಿಗಿದೆ, ಇವರಿಗೆ ಅದು ಪೂರ್ತಿ ಬಂದಿರುವುದಿಲ್ಲ. ಸಾಲದ್ದಕ್ಕೆ, ಯಂತ್ರದ ಒತ್ತಡದಿಂದ ಎದೆ ಬಿಗಿದರೆ ತಲೆಯಿಂದ ಹೃದಯಕ್ಕೆ ಮರಳುವ ರಕ್ತಕ್ಕೂ ತಡೆಯಾಗುತ್ತದೆ.

1983ರಲ್ಲಿ ಅಮೆರಿಕದ ಪರ್ಲ್‌ಮನ್, ವೋಲ್ಪೆ ಮೊದಲಾದ ವೈದ್ಯರು ಇನ್ನೊಂದು ಸಂಗತಿಯನ್ನು ತೋರಿಸಿದರು. ಯಂತ್ರದಲ್ಲಿದ್ದ ಕೆಲವು ಶಿಶುಗಳ ಮೆದುಳಿನ ರಕ್ತದ ಹರಿವು ಏರುತ್ತ ಇಳಿಯುತ್ತ ಇತ್ತು. ರಕ್ತಸ್ರಾವ ಹೆಚ್ಚಾಗಿ ಆದದ್ದು ಅಂಥವರಲ್ಲಿ. ಮಗುವಿನ ಉಸಿರೊಂದು ಕಡೆ, ಯಂತ್ರದ ಉಸಿರೊಂದು ಕಡೆ ಎಳೆದರೆ ಹೀಗಾಗುತ್ತದೆ. ಈಗಿನ ಯಂತ್ರಗಳು ಮಗು ಉಸಿರೆಳೆಯುವುದನ್ನು ಗುರುತಿಸಿ ಅದರೊಡನೆಯೇ ಗಾಳಿ ಕೊಡಬಲ್ಲವು.

ಆಸ್ಪತ್ರೆಯಲ್ಲಿ ಅಂಗೈಯಷ್ಟು ಮಗುವಿನಿಂದ ಮತ್ತೆ ಮತ್ತೆ ಹನಿ ರಕ್ತ ತೆಗೆಯುವುದನ್ನು ಕಂಡು ತಾಯಂದಿರು ಕಂಗೆಡುತ್ತಾರೆ. ಇಂಗಾಲದ ಡೈಆಕ್ಸೈಡ್ ಎಷ್ಟಿದೆಯೆಂದು ಅಳೆದು ಯಂತ್ರದ ಉಸಿರನ್ನು ಏರಿಸಿ ಇಳಿಸುವುದಕ್ಕೇ ಆ ರಕ್ತ ಬೇಕು. ಅಜ್ಜಿಯರು ಎಣ್ಣೆ ಒತ್ತುವ ಮೆತ್ತನೆಯ ನೆತ್ತಿಯಿದೆಯಲ್ಲ, ಅಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲ. ಅದರ ಮೂಲಕವೇ ಅಲ್ಟ್ರಾಸೌಂಡಿನಿಂದ ಮೆದುಳನ್ನು ನೋಡುತ್ತಾರೆ. ರಕ್ತಸ್ರಾವ ಸಣ್ಣದಾಗಿದ್ದರೆ ಅದು ಸಾಮಾನ್ಯವಾಗಿ ತಾನಾಗಿಯೇ ಇಂಗಿಹೋಗುತ್ತದೆ.