ಜೀಪಿನ ಕೆಳಗೊಂದು ಪಾಠಶಾಲೆ

ಹಳೆಯ ಜೀಪೊಂದನ್ನು ನಾಲ್ಕೈದು ಮಂದಿ ಗೆಳೆಯರು ಕೂಡಿ ಬಿಚ್ಚುವುದು, ತೊಳೆದು ಒರೆಸಿ ಸವೆದ ಭಾಗಗಳನ್ನು ಬದಲಿಸುವುದು, ಮತ್ತೆ ಜೋಡಿಸಿ ರಸ್ತೆಯೇ ಇಲ್ಲದ ಕಲ್ಲುಗುಡ್ಡ ಹತ್ತಿಸಿ ನೋಡುವುದು – ಇಂತಹ ಹವ್ಯಾಸವೊಂದು ಈಚಿನ ವರ್ಷಗಳಲ್ಲಿ ದಕ್ಷಿಣ ಭಾರತದ ಹಲವೆಡೆ ಬೆಳೆದು ಬಂದಿದೆ. ಇದು ದುಡ್ಡಿದ್ದವರ ಹುಚ್ಚಾಟವೆಂದು ಹೇಳುವವರಿದ್ದಾರೆ. ಹಾಗೆ ದುಡ್ಡು ಸುರಿದು ಮೆರೆಯುವವರೂ ಇಲ್ಲದಿಲ್ಲ. ಆದರೆ ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಅಧ್ಯಾಪಕರೂ ರಕ್ಷಕರೂ ಯೋಚಿಸಬೇಕಾದ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗುಡ್ಡೆ ಹತ್ತುವ ಬಂಡಿ

ಜೀಪು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಬಸ್ಸು ಹೋಗದ ಗುಡ್ಡೆಯ ದಾರಿಯಲ್ಲಿ ಹತ್ತು ಜನರ ಜಾಗದಲ್ಲಿ ಹದಿನೈದು ಜನರನ್ನು ತುಂಬಿಕೊಂಡು, ಮೇಲೆ ಅಕ್ಕಿಮೂಟೆ ಬಾಳೆಗೊನೆಗಳನ್ನೂ ಹೊತ್ತು ಏದುಸಿರು ಬಿಡುತ್ತಾ ಹತ್ತುತ್ತಿದ್ದ ಸರ್ವಿಸ್ ಜೀಪನ್ನು ಮಲೆಬದಿಯ ಹಿರಿಯರೆಲ್ಲ ಕಂಡವರೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಅಮೆರಿಕದ ಸೈನ್ಯಕ್ಕಾಗಿ ಇದರ ಮೊದಲ ಮಾದರಿ ಸಿದ್ಧವಾಯಿತು. ಯುದ್ಧ ಮುಗಿಯುವುದರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. ನಮ್ಮ ದೇಶದಲ್ಲಿ 1947ರಲ್ಲಿ, ಮುಂದೆ ಮಹೀಂದ್ರಾ ಆಂಡ್ ಮಹೀಂದ್ರಾ ಎಂದು ಹೆಸರಾದ ಕಂಪನಿಯು ಹೊರಗಿನಿಂದ ತರಿಸಿದ ಭಾಗಗಳಿಂದ ಜೀಪು ಜೋಡಿಸಲು ತೊಡಗಿತು.

ಸಾಮಾನ್ಯ ಕಾರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಷ್ಟೇ: ಜೀಪಿನಲ್ಲಿ ಬೇಕೆಂದಾಗ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಹಂಚಬಹುದು. ಸಮತಟ್ಟಾದ ರಸ್ತೆಯಲ್ಲಿ ಹಿಂದಿನ ಎರಡು ಚಕ್ರಗಳು ತಳ್ಳುತ್ತವೆ. ಏರು, ಕೆಸರು ಎದುರಾದಾಗ ಇನ್ನೊಂದು ಗೇರಿನ ಕೋಲನ್ನು ಎಳೆದರೆ ಮುಂದಿನ ಚಕ್ರಗಳೂ ಎಳೆಯತೊಡಗುತ್ತವೆ. ಇನ್ನೂ ಕಡಿದಾದ ಜಾಗದಲ್ಲಿ ಸಣ್ಣ ಗೇರು ಹಾಕಿದರೆ ವೇಗ ಎರಡರಿಂದ ಎರಡೂವರೆ ಪಟ್ಟು ಇಳಿದು, ಎಳೆಯುವ ಬಲ ಅಷ್ಟೇ ಪಾಲು ಏರುತ್ತದೆ. ವೇಗ ಕೊಟ್ಟು ಬಲ ಕೊಂಡುಕೊಳ್ಳುವ ಈ ವ್ಯಾಪಾರವನ್ನು ನಾವು ತರಗತಿಯಲ್ಲಿ ಸನ್ನೆಕೋಲಿನ ಪಾಠದಲ್ಲಿ ಹೇಳಿಕೊಡುತ್ತೇವೆ. ಅಲ್ಲಿ ಅದು ಕರಿಹಲಗೆಯ ಮೇಲಿನ ಗೆರೆ. ಇಲ್ಲಿ ಅದು ಗ್ರೀಸಿನಲ್ಲಿ ಮುಳುಗಿದ ಉಕ್ಕಿನ ಹಲ್ಲುಗಾಲಿ.

ಪೊಳ್ಳಾಚಿಯಿಂದ ಪಳನಿಗೆ

ಕೊಯಮತ್ತೂರಿನವರಿಗೆ ಯಂತ್ರ ಬಿಚ್ಚುವ ಕೈ ಎಲ್ಲಿಂದ ಬಂತು ಎಂದು ಕೇಳುವವರಿಗೆ ಅಲ್ಲಿನ ಜನ ಮೊದಲು ಹೇಳುವ ಹೆಸರು ಜಿ. ಡಿ. ನಾಯ್ಡು ಅವರದು. 1893ರಲ್ಲಿ ಕಳಂಗಲ್ ಎಂಬ ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಅವರಿಗೆ ಶಾಲೆಯ ಓದು ಹಿಡಿಸಲಿಲ್ಲ. ಒಬ್ಬ ಬ್ರಿಟಿಷ್ ಅಧಿಕಾರಿಯ ಮೋಟಾರ್ ಸೈಕಲನ್ನು ಕಂಡು ಬೆರಗಾಗಿ, ಹೋಟೆಲಿನಲ್ಲಿ ಕೆಲಸ ಮಾಡಿ ದುಡ್ಡು ಕೂಡಿಸಿ, ಅದನ್ನೇ ಕೊಂಡು, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು ಎಂದು ಅವರ ಜೀವನಕಥೆ ಹೇಳುತ್ತದೆ. 1920ರಲ್ಲಿ ಒಂದು ಬಸ್ಸು ಕೊಂಡು ಪೊಳ್ಳಾಚಿ–ಪಳನಿ ದಾರಿಯಲ್ಲಿ ತಾವೇ ಓಡಿಸಿದರು. ಆ ದಾರಿ ಹಾದುಹೋಗುವ ಉಡುಮಲೈಪೇಟೆ, 2009ರಲ್ಲಿ ರಚನೆಯಾದ ತಿರುಪ್ಪೂರು ಜಿಲ್ಲೆಗೆ ಸೇರಿದೆ. ಒಂದು ಬಸ್ಸು ಬೆಳೆದು ದೊಡ್ಡ ಸಾರಿಗೆ ಸಂಸ್ಥೆಯಾಯಿತು. 1937ರಲ್ಲಿ ಬಾಲಸುಂದರಂ ನಾಯ್ಡು ಅವರೊಡಗೂಡಿ, ದೇಶದ ಮೊದಲನೆಯದೆಂದು ಹೆಸರಾದ ವಿದ್ಯುತ್ ಮೋಟಾರನ್ನು ತಯಾರಿಸಿದರು. 1945ರಲ್ಲಿ ತಾಂತ್ರಿಕ ವಿದ್ಯಾಲಯದ ಸ್ಥಾಪನೆಗೆ ನೆರವಾದರು. ಶಾಲೆ ಬಿಟ್ಟ ಹುಡುಗ ಕೊನೆಗೆ ಕಟ್ಟಿದ್ದು ಶಾಲೆಯನ್ನೇ! 1974ರಲ್ಲಿ ಅವರು ತೀರಿಕೊಂಡರು. 2025ರ ಅಕ್ಟೋಬರಿನಲ್ಲಿ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ತೆರೆದ, 10 ಕಿಲೋಮೀಟರಿಗೂ ಉದ್ದದ ಮೇಲ್ಸೇತುವೆಗೆ ಅವರದೇ ಹೆಸರಿಟ್ಟಿದ್ದಾರೆ.

ಆದರೆ ಒಬ್ಬರಿಂದಲೇ ಊರು ಬೆಳೆಯುವುದಿಲ್ಲ. 1932ರಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಬಂದ ಮೇಲೆ ಗಿರಣಿಗಳು ಹೆಚ್ಚಿದವು. ಗಿರಣಿಗಳ ರಿಪೇರಿಗೆ ಲೇತುಗಳು ಬಂದವು, ಎರಕದ ಮನೆಗಳು ಬಂದವು, ಪಂಪುಸೆಟ್ಟುಗಳು ಬಂದವು. ನಮ್ಮ ಮನೆಗಳಲ್ಲಿ ದೋಸೆಹಿಟ್ಟು ಅರೆಯುವ ಗ್ರೈಂಡರ್ ಕೂಡ 1955ರಲ್ಲಿ ಅಲ್ಲಿನ ಪಿ. ಸಭಾಪತಿ ಎಂಬವರು ರೂಪಿಸಿದ್ದು. ಬೀದಿಗೊಂದು ಲೇತು ಇರುವ ಊರಿನಲ್ಲಿ ಮುರಿದ ವಸ್ತುವನ್ನು ಎಸೆಯುವ ಮೊದಲು ಬಿಚ್ಚಿ ನೋಡುವುದು ರೂಢಿಯಾಯಿತು.

ತೆಂಗಿನ ತೋಟದಲ್ಲಿ ಒಂದು ಭಾನುವಾರ

ಮನೆಯೊಳಗೆ ಕನ್ನಡವನ್ನಾಡುವ ದೇವಾಂಗ, ಒಕ್ಕಲಿಗ, ಅನುಪ್ಪ ಕುಟುಂಬಗಳು ಈ ಎರಡೂ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿವೆ. ಅಂತಹ ಒಂದು ಮನೆಯವರ ಪರಿಚಯದಿಂದ, ಓಣಂ ರಜೆಯ ಒಂದು ಭಾನುವಾರ ನಾವು ಉಡುಮಲೈಪೇಟೆ ಸಮೀಪದ ತೋಟವೊಂದಕ್ಕೆ ಹೋಗಿದ್ದೆವು. ತೆಂಗಿನ ಮರಗಳ ನಡುವೆ ತಗಡಿನ ಮಾಡು. ಅದರಡಿ ಹಿಂದಿನ ಚಕ್ರ ಕಳಚಿದ ಹಳೆಯ ಜೀಪು. ಸುತ್ತ ಐದು ಜನ. ಒಬ್ಬರು ತೋಟದ ಯಜಮಾನರ ಮಗ, ಒಬ್ಬರು ಪಲ್ಲಡದಲ್ಲಿ ಕೋಳಿ ಸಾಕುವವರು, ಇನ್ನೊಬ್ಬರು ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವರು. ನಾಲ್ಕನೆಯವರು ಲೇತು ಕೆಲಸದವರು. ಹತ್ತನೇ ತರಗತಿ ದಾಟಿದವರಲ್ಲ, ಆದರೆ ಉಳಿದವರಿಗೆಲ್ಲ ‘ಅಣ್ಣ’. ಐದನೆಯವನು ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ. ಮೂರು ವರ್ಷ ಯಂತ್ರಶಾಸ್ತ್ರ ಓದಿದ್ದರೂ ಸ್ಪ್ಯಾನರ್ ಹಿಡಿದದ್ದು ಈ ಮಾಡಿನಡಿಗೆ ಬಂದ ಮೇಲೆಯೇ ಎಂದು ಅವನೇ ಹೇಳಿದ.

ನಾವು ಹೋದಾಗ ಹಿಂದಿನ ಆಕ್ಸಿಲಿನ ಡಿಫರೆನ್ಶಿಯಲ್ ಬಿಚ್ಚಿಟ್ಟಿದ್ದರು. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಎರಡಕ್ಕೂ ಬೇರೆ ಬೇರೆ ವೇಗವನ್ನು ಹೊಂದಿಸಿಕೊಡುವ ಹಲ್ಲುಗಾಲಿಗಳ ಪೆಟ್ಟಿಗೆ ಇದು. ಒಳಗಿನ ಕ್ರೌನು–ಪಿನಿಯನ್ ಸವೆದು ಸದ್ದು ಬರುತ್ತಿದ್ದುದರಿಂದ ಪೇಟೆಯಿಂದ ಬೇರೊಂದು ಜೊತೆ ತಂದಿದ್ದರು. ನೋಡಲು ಎರಡೂ ಒಂದೇ. ಹುಡುಗ ಅದನ್ನೆತ್ತಿ ಕೂರಿಸಲು ಹೊರಟಾಗ ಲೇತಿನ ಅಣ್ಣ ಸೀಮೆಸುಣ್ಣದ ತುಂಡೊಂದನ್ನು ಅವನ ಕೈಗಿತ್ತು, “ತಮ್ಮಾ, ಹಾಕುವ ಮೊದಲು ಹಲ್ಲು ಎಣಿಸು” ಎಂದರು. ಹುಡುಗ ಗುರುತು ಹಾಕಿ ಎಣಿಸಿದ. ಹಳೆಯದರಲ್ಲಿ 43 ಮತ್ತು 8. ತಂದದ್ದರಲ್ಲಿ 41 ಮತ್ತು 9.

ಎರಡು ಹಲ್ಲು ಅತ್ತ, ಒಂದು ಹಲ್ಲು ಇತ್ತ. ಅಷ್ಟರಿಂದೇನಾಗುತ್ತದೆ ಎಂದು ಕೋಳಿ ಸಾಕಣೆಯವರು ಕೇಳಿದರು. ಅಣ್ಣನಿಗೆ ‘ಹಾಕಬಾರದು’ ಎಂಬುದು ಗೊತ್ತಿತ್ತು. ಏಕೆಂದು ವಿವರಿಸಿದವನು ಹುಡುಗ. ಗೋಡೆಯ ಮೇಲೆಯೇ ಲೆಕ್ಕ ಬರೆದ: 43ನ್ನು 8ರಿಂದ ಭಾಗಿಸಿದರೆ 5.375. 41ನ್ನು 9ರಿಂದ ಭಾಗಿಸಿದರೆ ಸುಮಾರು 4.56. ಮುಂದಿನ ಆಕ್ಸಿಲಿನಲ್ಲಿ ಇರುವುದು ಹಳೆಯ ಲೆಕ್ಕದ ಗಾಲಿ. ಹೊಸದನ್ನು ಹಿಂದೆ ಹಾಕಿ ನಾಲ್ಕು ಚಕ್ರದ ಗೇರು ಎಳೆದರೆ, ಹಿಂದಿನ ಚಕ್ರ 100 ಸುತ್ತು ತಿರುಗುವ ಹೊತ್ತಿಗೆ ಮುಂದಿನದು 85 ಸುತ್ತನ್ನೂ ತುಂಬದು. ಆದರೆ ನೆಲದ ಮೇಲೆ ಎರಡೂ ಒಂದೇ ದೂರ ಸಾಗಬೇಕು. ಹಾಗಾಗಿ ಒಂದನ್ನೊಂದು ಜಗ್ಗಿ ಟೈರು ಉಜ್ಜುತ್ತದೆ, ಅದಕ್ಕೂ ಬಗ್ಗದಿದ್ದರೆ ಗೇರು ಮುರಿಯುತ್ತದೆ. ಇಳಿಜಾರಿನಲ್ಲಿ ಮುರಿದರೆ ಆಗುವುದೇನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಂದ ಜೊತೆಯನ್ನು ಗೋಣಿಯಲ್ಲಿ ಸುತ್ತಿ ಹಿಂದಿರುಗಿಸಲು ಇಟ್ಟರು. ಆ ದಿನದ ಕೆಲಸ ಅಲ್ಲಿಗೆ ನಿಂತಿತು. ಯಾರಿಗೂ ಬೇಸರವಿದ್ದಂತೆ ಕಾಣಲಿಲ್ಲ.

ಒಂದು ವರ್ಕ್‌ಶಾಪಿಗೆ ಕೊಟ್ಟರೆ ವಾರದಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ಭಾನುವಾರಗಳೇಕೆ ಎಂದು ನಾವು ಕೇಳಿದೆವು. ಯಜಮಾನರ ಮಗ ಹೇಳಿದ್ದಿಷ್ಟು: “ಕೊಟ್ಟರೆ ಜೀಪು ಓಡುತ್ತೆ, ವಾದ್ಯಾರೇ. ಗುಡ್ಡದಲ್ಲಿ ನಿಂತುಹೋದರೆ ಯಾಕೆ ನಿಂತಿತು ಅಂತ ನಮಗೆ ಗೊತ್ತಾಗಬೇಕಲ್ಲ.”

ಇನ್ನೊಂದು ಸಂಗತಿಯನ್ನೂ ಗಮನಿಸಿದೆವು. ಬರಿಯ ಜಾಕಿಯನ್ನು ನಂಬಿ ಜೀಪಿನಡಿಗೆ ಯಾರನ್ನೂ ಅಣ್ಣ ಬಿಡುತ್ತಿರಲಿಲ್ಲ. ಚಾಸಿಗೆ ಉಕ್ಕಿನ ಸ್ಟ್ಯಾಂಡು ಕೊಟ್ಟು, ನೆಲದಲ್ಲಿರುವ ಚಕ್ರಗಳಿಗೆ ಮರದ ತುಂಡು ಒತ್ತಿಟ್ಟು, ಒಮ್ಮೆ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗಿಳಿಯಬೇಕು. ಖರ್ಚನ್ನು ಐವರೂ ಹಂಚಿಕೊಂಡು ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಕಾಲೇಜಿನ ಅಂಗಳದಲ್ಲಿ

ಇಂತಹದೇ ಕೂಡುಕೆಲಸವನ್ನು ಕಾಲೇಜಿನ ಮಟ್ಟದಲ್ಲಿ ನಡೆಸುವ ಸ್ಪರ್ಧೆಯೊಂದಿದೆ. ಅದರ ಹೆಸರು ಬಾಜಾ. 1976ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಆರಂಭವಾದ ಇದು 2007ರಲ್ಲಿ ನಮ್ಮ ದೇಶಕ್ಕೆ ಬಂದು, ಮಧ್ಯಪ್ರದೇಶದ ಇಂದೋರ್ ಸಮೀಪದ ಪೀಥಂಪುರದಲ್ಲಿ ನಡೆಯಿತು. ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು, ಒಬ್ಬ ಕೂರುವ, ಕಲ್ಲುಮಣ್ಣಿನ ನೆಲದಲ್ಲಿ ಓಡುವ ಬಂಡಿಯನ್ನು ತಾವೇ ರೂಪಿಸಿ ಕಟ್ಟಬೇಕು. ಎಂಜಿನ್ ಬಂಡಿಗಳ ವಿಭಾಗದಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಎಂಜಿನ್. ಆದ್ದರಿಂದ ದೊಡ್ಡ ಎಂಜಿನ್ ಕೊಂಡು ಗೆಲ್ಲುವಂತಿಲ್ಲ. ಬ್ರೇಕು ಒತ್ತಿದಾಗ ನಾಲ್ಕೂ ಚಕ್ರಗಳು ಒಟ್ಟಿಗೆ ಹಿಡಿದು ನಿಲ್ಲದಿದ್ದರೆ ಓಟಕ್ಕೆ ಇಳಿಯುವಂತೆಯೇ ಇಲ್ಲ. ಕೊನೆಯ ಪರೀಕ್ಷೆ 4 ಗಂಟೆಗಳ ಸತತ ಓಟ. ಕೊಯಮತ್ತೂರಿನ ಕಾಲೇಜುಗಳ ತಂಡಗಳೂ ಇದರಲ್ಲಿ ಭಾಗವಹಿಸುತ್ತಾ ಬಂದಿವೆ. ಬೆಸುಗೆ ಒಬ್ಬನದು, ಲೆಕ್ಕ ಒಬ್ಬಳದು, ಖರ್ಚಿನ ಪಟ್ಟಿ ಇನ್ನೊಬ್ಬರದು. ಒಬ್ಬರ ಕೆಲಸ ಕೆಟ್ಟರೆ ಎಲ್ಲರ ಬಂಡಿಯೂ ನಿಲ್ಲುತ್ತದೆ.

ಕಾನೂನೂ ಕಾಡೂ

ಉತ್ಸಾಹಕ್ಕೆ ಕಡಿವಾಣವೂ ಬೇಕು. ವಾಹನವನ್ನು ಮನಬಂದಂತೆ ಬದಲಾಯಿಸಿ ರಸ್ತೆಗಿಳಿಸುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ವಿಧಿಯನ್ನು ವಿವರಿಸುತ್ತಾ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದು ಎಂದು ಹೇಳಿತು. ಆ ಮೊಕದ್ದಮೆ ಹೋದದ್ದು ನಮ್ಮ ಕೇರಳದಿಂದಲೇ. ಎಂಜಿನ್ ಬದಲಿಸುವುದಾದರೆ ಸಾರಿಗೆ ಅಧಿಕಾರಿಗಳ ಅನುಮತಿ ಪಡೆದು ದಾಖಲೆಯಲ್ಲಿ ಬರೆಸಬೇಕು. 15 ವರ್ಷ ದಾಟಿದ ಖಾಸಗಿ ಜೀಪಿನ ನೋಂದಣಿಯನ್ನು ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಲಘು ವಾಹನಗಳಿಗೆ 2025ರ ಆಗಸ್ಟಿನಲ್ಲಿ 10,000 ರೂಪಾಯಿ ಆಯಿತು. ಹಳೆಯ ಜೀಪು ಅಗ್ಗವೆಂದು ಕೊಳ್ಳುವ ಯುವಕರು ಈ ಲೆಕ್ಕವನ್ನೂ ಹಾಕಬೇಕು.

ಉಡುಮಲೈಪೇಟೆಯ ದಕ್ಷಿಣಕ್ಕೆ ಆನೈಮಲೈ ಹುಲಿ ಸಂರಕ್ಷಿತ ಪ್ರದೇಶವಿದೆ. ಅಲ್ಲಿಗೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ನಾವು ಕಂಡ ಗೆಳೆಯರು ತಮ್ಮ ಜೀಪನ್ನು ಪರೀಕ್ಷಿಸುತ್ತಿದ್ದುದು ಸ್ವಂತ ಜಮೀನಿನ ಕಲ್ಲುದಿಣ್ಣೆಯಲ್ಲಿ. ತೊರೆಯ ನೀರಿನಲ್ಲಿ ಚಕ್ರ ತಿರುಗಿಸಿ ಕೆಸರೆಬ್ಬಿಸುವುದನ್ನೂ, ಹಳೆಯ ಎಣ್ಣೆಯನ್ನು ಮಣ್ಣಿಗೆ ಚೆಲ್ಲುವುದನ್ನೂ ಶೌರ್ಯವೆನ್ನಲಾಗದು.

ನಮ್ಮ ಮಕ್ಕಳಿಗೆ

ಇನ್ನು ನಮ್ಮ ಮಾತು. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಲ್ಲಿ ಅನೇಕರು ಯಂತ್ರದ ವಿದ್ಯೆ ತಮಗಲ್ಲವೆಂದು ಹಿಂಜರಿಯುತ್ತಾರೆ. ಅದರ ಪುಸ್ತಕ ಇಂಗ್ಲಿಷಿನಲ್ಲಿದೆ, ಪೇಟೆಯ ಮಾತು ಮಲಯಾಳದಲ್ಲಿದೆ ಎಂಬ ಅಂಜಿಕೆ. ಜಾಣನಾದರೆ ಹತ್ತಿರದ ಪೊವ್ವಲ್‌ನಲ್ಲಿ 1993ರಿಂದ ಇರುವ ಇಂಜಿನಿಯರಿಂಗ್ ಕಾಲೇಜು, ಅಂಕ ಕಡಿಮೆಯಾದರೆ ಐ.ಟಿ.ಐ. ಎಂದು ನಾವೂ ವಿಂಗಡಿಸಿಬಿಡುತ್ತೇವೆ. ಲೆಕ್ಕ ಬಲ್ಲವನು ಒಂದು ಕಡೆ, ಕೈ ಬಲ್ಲವನು ಇನ್ನೊಂದು ಕಡೆ. ಇಬ್ಬರೂ ಮತ್ತೆ ಭೇಟಿಯಾಗುವುದೇ ಇಲ್ಲ. ಆ ತೋಟದ ಮಾಡಿನಡಿ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತಿದ್ದರು. ಎಣಿಸು ಎಂದವನಿಗೆ ಭಾಗಾಕಾರ ಬೇಕಾಯಿತು. ಭಾಗಾಕಾರ ಬಲ್ಲವನಿಗೆ ಎಣಿಸು ಎಂದು ಹೇಳುವವರು ಬೇಕಾದರು. ಹಲ್ಲು ಎಣಿಸಲು ಯಾವ ಭಾಷೆಯಾದರೂ ಸಾಕು.

ಜೀಪು ಎಲ್ಲರಿಗೂ ಎಟುಕುವ ವಸ್ತುವಲ್ಲ, ಬೇಕಾಗಿಯೂ ಇಲ್ಲ. ನಮ್ಮ ತೋಟಗಳಲ್ಲಿ ಕೆಟ್ಟು ಮೂಲೆ ಸೇರಿದ ಪಂಪು, ಅಡಿಕೆಗೆ ಮದ್ದು ಬಿಡುವ ಯಂತ್ರ, ಅಜ್ಜನ ಕಾಲದ ಸ್ಕೂಟರು ಎಷ್ಟಿಲ್ಲ! ವೃತ್ತಿ ಪರಿಚಯ ಮೇಳಕ್ಕೆ ಕಾಗದದ ಹೂ, ಬಟ್ಟೆಯ ಗೊಂಬೆಗಳ ಜೊತೆಗೆ ಬಿಚ್ಚಿ ಜೋಡಿಸಿದ ಒಂದು ಪಂಪನ್ನೂ ಮಕ್ಕಳು ಅಭ್ಯಾಸ ಮಾಡಲಿ. ಊರಿನ ಮೆಕ್ಯಾನಿಕರನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆಯೋಣ. ಅಧ್ಯಾಪಕ ರಕ್ಷಕ ಸಂಘಗಳು ಮನಸ್ಸು ಮಾಡಿದರೆ ಇದಕ್ಕೆ ದೊಡ್ಡ ಹಣವೇನೂ ಬೇಡ. ಹಿರಿಯರೊಬ್ಬರು ಜೊತೆಗಿರಲಿ, ವಿದ್ಯುತ್ ತಂತಿ ಕಳಚಿಯೇ ಕೆಲಸ ಶುರುವಾಗಲಿ.

ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಂದ ಕಾಪಿ ಬರೆಸುತ್ತೇವೆ. ಈ ವರ್ಷ ಒಂದು ಭಾನುವಾರವಾದರೂ ಅವರ ಕೈಗೆ ಗ್ರೀಸು ಹತ್ತಲಿ.