ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು?

‘ಒಳ್ಳೇ ಕಾದಂಬರಿ ಯಾವುದಾದರೂ ಹೇಳಿ’ ಎಂದು ಕೇಳಿದವರ ಕೈಗೆ ಪಟ್ಟಿ ಕೊಟ್ಟು ಕಳಿಸುವುದು ನಮಗೆಲ್ಲ ಬಾಯಿಪಾಠ. ಕುವೆಂಪು, ಕಾರಂತ, ಭೈರಪ್ಪ, ತೇಜಸ್ವಿ. ಕೇಳಿದವರು ಹೆಸರು ಬರೆದುಕೊಳ್ಳುತ್ತಾರೆ, ಒಂದೆರಡು ಕೊಂಡೂ ಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಮೈಸೂರಿನ ಅಡ್ಡರಸ್ತೆಯೊಂದರಲ್ಲಿ ಬಾಡಿಗೆ ಲೈಬ್ರರಿ ನಡೆಸುವ ಹಿರಿಯರೊಬ್ಬರು ಮಾತ್ರ ಪಟ್ಟಿ ಕೊಡುವುದಿಲ್ಲ. ಹೊಸಬರು ಯಾರೇ ಬರಲಿ, ಕನ್ನಡಕ ಹಣೆಗೇರಿಸಿ ಅವರು ಕೇಳುವುದು ಒಂದೇ ಪ್ರಶ್ನೆ: ‘ಓದೋಕೆ ಅಂತ ತಗೊಂಡು ಅರ್ಧಕ್ಕೆ ಬಿಟ್ರಲ್ಲ, ಆ ಪುಸ್ತಕ ಯಾವ್ದು?’

ಇತ್ತೀಚೆಗೆ ಒಂದು ಸಂಜೆ ಅವರ ಅಂಗಡಿಯಲ್ಲಿ ಕೂತಿದ್ದೆ. ಎರಡು ಸ್ಕೂಟರ್ ಪಕ್ಕಪಕ್ಕ ನಿಲ್ಲಿಸಬಹುದಾದಷ್ಟು ಅಗಲದ ಜಾಗ. ಮೂರೂ ಗೋಡೆಗೆ ಸೂರಿನವರೆಗೆ ಕಬ್ಬಿಣದ ರ‍್ಯಾಕು. ಪುಸ್ತಕಗಳಿಗೆಲ್ಲ ಖಾಕಿ ರಟ್ಟು, ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು ಬರೆದಿಲ್ಲ. ಹೆಸರು ನೋಡಿ ಆರಿಸುವಂತಿಲ್ಲ, ಅವರನ್ನೇ ಕೇಳಬೇಕು. ಇದು ಬೇಕೆಂದೇ ಮಾಡಿದ್ದೋ, ಸೋಮಾರಿತನವೋ ಎಂದು ಕೇಳಿದೆ. ‘ಹೆಸರು ಬರೆದ್ರೆ ಎಲ್ಲಾರೂ ಅದದೇ ಐದು ತಗೊಂಡು ಹೋಗ್ತಾರೆ’ ಎಂದರು. ಬೆಲೆಯ ಹತ್ತನೇ ಒಂದು ಭಾಗ ಬಾಡಿಗೆ, ಹದಿನೈದು ದಿನದ ಗಡುವು. ಗಡುವು ಮೀರಿದರೆ ದಂಡವುಂಟು, ಆದರೆ ಪುಸ್ತಕ ಓದಿ ಮುಗಿಸಿದವರಿಗೆ ದಂಡ ಮಾಫಿ. ಮುಗಿಸಿದ್ದೀರಾ ಇಲ್ಲವಾ ಎಂದು ಎರಡು ಪ್ರಶ್ನೆ ಕೇಳಿ ಪತ್ತೆ ಮಾಡುತ್ತಾರಂತೆ.

ಆ ಹೊತ್ತಿಗೆ ಬಂದವಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದು ಅರವತ್ತನೇ ಪುಟಕ್ಕೆ ಕೈಬಿಟ್ಟವಳು. ಯಾಕಮ್ಮ ಅಂದರೆ, ‘ಎಷ್ಟೊಂದು ಜನ ಬರ್ತಾರೆ ಅಂಕಲ್, ಯಾರು ಯಾರಿಗೆ ಏನಾಗ್ಬೇಕು ಅಂತಾನೇ ಗೊತ್ತಾಗಲ್ಲ’ ಅಂದಳು. ಯಜಮಾನರು ಬೇಸರಪಟ್ಟುಕೊಳ್ಳಲಿಲ್ಲ, ಬೋಧನೆ ಮಾಡಲಿಲ್ಲ. ‘ಕಾಡು ಹಿಡಿಸ್ತಾ?’ ಎಂದು ಮಾತ್ರ ಕೇಳಿದರು. ಹೌದು ಎಂದಳು. ಕೈಗೆ ಬಂದದ್ದು ಕಾರಂತರ ‘ಬೆಟ್ಟದ ಜೀವ’. ಅದೇ ಮಳೆ, ಅದೇ ಬೆಟ್ಟ, ಆದರೆ ಮನೆಯೊಂದೇ. ಸುಬ್ರಹ್ಮಣ್ಯದ ಕಡೆಯ ಕಾಡಿಗೆ ಬಂದ ಒಬ್ಬ, ಅವನಿಗೆ ಆಸರೆ ಕೊಟ್ಟ ಗೋಪಾಲಯ್ಯ–ಶಂಕರಮ್ಮ ಎಂಬ ಮುದಿ ಗಂಡಹೆಂಡಿರು, ಮನೆ ಬಿಟ್ಟು ಹೋದ ಮಗನ ಸುದ್ದಿಗೆ ಕಾಯುವ ಅವರ ಸಂಕಟ. 1943ರ ಪುಸ್ತಕ, ಗೊಂದಲಪಡಲು ಅಲ್ಲಿ ಹೆಚ್ಚು ಜನರೇ ಇಲ್ಲ.

ಇದನ್ನು ನೋಡಿದ ಮೇಲೆ ನನಗೆ ನಮ್ಮ ‘ಸಾಯುವ ಮೊದಲು ಓದಲೇಬೇಕಾದ ನೂರು ಪುಸ್ತಕ’ಗಳ ಬಗ್ಗೆ ಮೊದಲೇ ಇದ್ದ ಗುಮಾನಿ ಗಟ್ಟಿಯಾಯಿತು. ಓದಲೇಬೇಕು ಅಂದರೆ ಯಾರು, ಯಾವ ವಯಸ್ಸಿನಲ್ಲಿ, ಯಾವ ಕಷ್ಟದಲ್ಲಿರುವಾಗ? ಪಟ್ಟಿಗೆ ಅದು ಗೊತ್ತಿಲ್ಲ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಗೊತ್ತಿರುತ್ತದೆ.

ಆಮೇಲೆ ಬಂದ ಹುಡುಗನ ವಿಷಯ ಸ್ವಲ್ಪ ಉದ್ದ ಹೇಳಬೇಕು. ಬಿಗಿ ಟಿ–ಶರ್ಟು, ಹೆಗಲಲ್ಲಿ ಜಿಮ್ ಬ್ಯಾಗು. ‘ಪಠ್ಯಪುಸ್ತಕ ಬಿಟ್ರೆ ಬೇರೆ ಏನೂ ಓದಿಲ್ಲ ಸಾರ್, ಅದನ್ನೂ ಅರ್ಧಕ್ಕೇ ಬಿಟ್ಟಿದ್ದು’ ಎಂದು ನಕ್ಕ. ತೇಜಸ್ವಿಯವರ ‘ಕರ್ವಾಲೊ’ ಸಿಗುತ್ತದೆ ಎಂದುಕೊಂಡೆ. ಓದದವರ ಕೈಗೆ ಹಾರುವ ಓತಿಯ ಕತೆ ಕೊಡುವುದು ಕನ್ನಡದಲ್ಲಿ ಶಾಸ್ತ್ರವೇ ಆಗಿಹೋಗಿದೆ, ಅದು ಬಹುಮಟ್ಟಿಗೆ ಕೆಲಸವನ್ನೂ ಮಾಡುತ್ತದೆ. ಯಜಮಾನರು ಏಣಿ ಹತ್ತಿ ಮೇಲಿನ ಸಾಲಿನಿಂದ ತೆಗೆದದ್ದು ‘ರೂಪದರ್ಶಿ’. ‘ತಗೋ ಮರಿ. ಜಿಮ್ ಮೇಷ್ಟ್ರು ಬರೆದಿರೋ ಪುಸ್ತಕ.’

ಹುಡುಗ ನಂಬಲಿಲ್ಲ. ಆದರೆ ಮಾತು ಅಕ್ಷರಶಃ ನಿಜ. ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದವರು. ಸೂರ್ಯನಮಸ್ಕಾರವನ್ನೂ ಕಬ್ಬಿಣ ಎತ್ತುವುದನ್ನೂ ಒಟ್ಟಿಗೆ ಕಲಿಸಿದರು, ಅಂಚೆಯ ಮೂಲಕ ಊರೂರಿಗೆ ವ್ಯಾಯಾಮದ ಪಾಠ ಕಳಿಸಿದರು, ಗ್ರೀಕ್ ವಿಗ್ರಹಗಳ ಭಂಗಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡರು, ಮಾಂಸಖಂಡ ಬೆಳೆಸುವುದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ನಾಲ್ವಡಿ ಕೃಷ್ಣರಾಜ ಒಡೆಯರೂ ಇವರಿಂದ ಅಂಗಸಾಧನೆಯ ಚಿಕಿತ್ಸೆ ಪಡೆದವರೇ. ಟಿ.ಪಿ. ಕೈಲಾಸಂ ಇವರ ಆಪ್ತ ಗೆಳೆಯ. ಇಂಥ ಮನುಷ್ಯ ಕನ್ನಡದಲ್ಲಿ ಕಾದಂಬರಿ ಬರೆಯಲು ಕೂತಾಗ ಆರಿಸಿಕೊಂಡ ಊರು ಬೆಂಗಳೂರೂ ಅಲ್ಲ, ಮೈಸೂರೂ ಅಲ್ಲ, ಇಟಲಿಯ ಫ್ಲಾರೆನ್ಸ್! ಬಾಲ ಯೇಸುವಿಗೆ ಒಪ್ಪುವ ಮುಖ ಹುಡುಕುತ್ತ ಅಲೆಯುವ ಮೈಕೆಲೇಂಜಲೊ, ವರ್ಷಗಳು ಕಳೆದ ಮೇಲೆ ಜುದಾಸನಿಗೆ ಒಪ್ಪುವ ಮುಖ ಹುಡುಕುತ್ತ ಮತ್ತೆ ಅಲೆಯುತ್ತಾನೆ. ಮುಂದಿನದನ್ನು ಬಹಳ ಜನ ಬಲ್ಲರು. ಗೊತ್ತಿಲ್ಲದವರಿಗೆ ನಾನು ಹೇಳುವುದಿಲ್ಲ.

ಅದರಲ್ಲಿ ಭಾವುಕತೆ ತುಸು ಜಾಸ್ತಿ, ನಿಜ. ಹೊಸಕಾಲದ ವಿಮರ್ಶಕರು ಅಯ್ಯರರನ್ನು ದೊಡ್ಡ ಕಾದಂಬರಿಕಾರರ ಸಾಲಿನಲ್ಲಿ ಕೂರಿಸುವುದಿಲ್ಲ. ಕೂರಿಸಬೇಕು ಎಂದು ನಾನೂ ಹಟ ಹಿಡಿಯುವುದಿಲ್ಲ. ಆದರೆ ದಿನವಿಡೀ ಕಣ್ಣೆದುರು ಮೈಗಳನ್ನೇ ನೋಡುತ್ತಿದ್ದ ಮನುಷ್ಯ ಅವರು. ಯಾವ ಅಭ್ಯಾಸಕ್ಕೆ ಯಾವ ಖಂಡ ಏಳುತ್ತದೆ, ಯಾವ ಚಟಕ್ಕೆ ಯಾವ ಕಳೆ ಇಳಿಯುತ್ತದೆ ಎಂದು ಬಲ್ಲವರು. ಬದುಕು ಮುಖದ ಮೇಲೆ ಬರೆದುಕೊಂಡು ಹೋಗುತ್ತದೆ ಎಂಬ ಕತೆಯನ್ನು ಅವರಲ್ಲದೆ ಇನ್ನಾರು ಬರೆಯಬೇಕಿತ್ತು? ಹೊಯ್ಸಳ ರಾಣಿಯ ಮೇಲೆ ಅವರು ಬರೆದ ‘ಶಾಂತಲಾ’ ಇದಕ್ಕಿಂತ ಹೆಚ್ಚು ಹೆಸರುವಾಸಿ. ನನ್ನ ಒಲವು ‘ರೂಪದರ್ಶಿ’ಯ ಕಡೆಗೇ. ಶಿಲ್ಪ, ಚಿತ್ರ, ವ್ಯಾಯಾಮ ಮೂರೂ ಒಂದೇ ಕೆಲಸ ಎಂದು ನಂಬಿದವರೊಬ್ಬರು ಕನ್ನಡದಲ್ಲಿ ಆಗಿಹೋದರಲ್ಲ, ಅದೇ ನನಗೆ ಸೋಜಿಗ. ಜಿಮ್ ಹುಡುಗ ಏನೆಂದ ಎಂದು ಆಮೇಲೆ ಫೋನಿನಲ್ಲಿ ವಿಚಾರಿಸಿದೆ. ‘ಗಡುವು ಮೀರಿದೆ’ ಎಂದರು ಯಜಮಾನರು, ಖುಷಿಯಿಂದಲೇ.

ಆ ಸಂಜೆ ಬಹಳ ಹೊತ್ತು ನನ್ನನ್ನು ಹಿಡಿದಿಟ್ಟ ಇನ್ನೊಂದು ಸಂಗತಿ ಪುಸ್ತಕಗಳೊಳಗಿನ ಗುರುತುಗಳು. ಬಾಡಿಗೆಗೆ ತಂದು ಓದುವವರಿಗೆ ತಾವು ಯಾವುದನ್ನು ಓದಿಯಾಗಿದೆ ಎಂಬುದು ಮರೆತುಹೋಗುತ್ತದೆ. ಅದಕ್ಕೆ ಒಬ್ಬೊಬ್ಬರದು ಒಂದೊಂದು ಮುದ್ರೆ. ಒಬ್ಬರು 32ನೇ ಪುಟದ ಅಂಕಿಗೆ ಪೆನ್ಸಿಲ್ ಸುತ್ತು ಹಾಕುತ್ತಾರೆ, ಇನ್ನೊಬ್ಬರದು ಕೊನೆಯ ಪುಟದ ಮೂಲೆಯಲ್ಲಿ ಐದೆಸಳಿನ ಹೂವು, ಮತ್ತೊಬ್ಬರದು ಬರೀ ‘ಸ’. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ತೆರೆದರೆ ಸುತ್ತು, ಹೂವು, ‘ಸ’ ಮೂರೂ ಇದ್ದವು. ‘ಶರಪಂಜರ’ದ ಒಂದು ಪುಟದ ಅಂಚಿನಲ್ಲಿ ಯಾರೋ ‘ಇವಳದ್ದೇನು ತಪ್ಪು?’ ಎಂದು ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹ, ನೀಲಿ ಶಾಯಿ: ‘ತಪ್ಪು ಅಂತ ಯಾರು ಹೇಳಿದ್ದು?’ ಕಾದಂಬರಿಯ ನಾಯಕಿ ಕಾವೇರಿಯ ಪರ ವಹಿಸಿ ಜಗಳಕ್ಕೆ ನಿಂತ ಈ ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಕ್ಕಿಲ್ಲ. ಮನೋವಿಜ್ಞಾನ ಓದಿದ್ದ ತ್ರಿವೇಣಿ 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಸುಮಾರು 20 ಕಾದಂಬರಿ ಅಷ್ಟರಲ್ಲೇ ಬರೆದಿದ್ದರು. ಅವರನ್ನು ‘ಹೆಂಗಸರ ಕಾದಂಬರಿ’ ಎಂಬ ಕಪಾಟಿಗೆ ಸೇರಿಸಿ ಕೈತೊಳೆದುಕೊಂಡ ಪಂಡಿತರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಬಾಣಂತಿಯ ಮನಸ್ಸು ಕದಡಿದರೆ ಮನೆಯವರು ಅವಳನ್ನು ಹೇಗೆ ನೋಡುತ್ತಾರೆ, ಗುಣವಾಗಿ ಬಂದ ಮೇಲೂ ಹೇಗೆ ನೋಡುತ್ತಾರೆ ಎಂಬುದನ್ನು ಆ ಕಾಲಕ್ಕೆ ಅಷ್ಟು ನೇರವಾಗಿ ಬರೆದ ಗಂಡಸು ಯಾರಿದ್ದಾರೆ, ತೋರಿಸಲಿ. ಪುಟ್ಟಣ್ಣನವರು ತೆಗೆದ ‘ಶರಪಂಜರ’ ಸಿನಿಮಾ ನೋಡಿದ್ದೇವಲ್ಲ ಎಂದು ಪುಸ್ತಕ ಬಿಟ್ಟವರೂ ಒಮ್ಮೆ ಹಿಡಿಯಬೇಕು.

ಓದುಗರಿಗೆ ಪುಸ್ತಕ ತಲುಪಿಸುವ ಹುಚ್ಚು ನಮ್ಮಲ್ಲಿ ಹಳೆಯದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಬಂತು; ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದು ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದರು. ಗಳಗನಾಥರು ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯದು ಇನ್ನೂ ವಿಚಿತ್ರ: ಚಂದಾ ಮೊದಲು ಕೊಡಿ, ಪುಸ್ತಕ ನಾವು ಕಳಿಸುತ್ತೇವೆ. ಆರಿಸುವ ಹೊಣೆ ಓದುಗರದಲ್ಲ, ಗ್ರಂಥಮಾಲೆಯ ಕಚೇರಿಯಿದ್ದ ಅಟ್ಟದ ಮೇಲೆ ಕೂತವರದು. ಆ ಅಟ್ಟದಿಂದಲೇ 1965ರಲ್ಲಿ ‘ಸಂಸ್ಕಾರ’ ಹೊರಬಂತು. ಇತ್ತ ನಾಲ್ಕನೇ ಕ್ಲಾಸಿನವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯ ‘ಪತ್ತೇದಾರ ಪುರುಷೋತ್ತಮ’ನಿಂದ ಹಿಡಿದು 500ಕ್ಕೂ ಹೆಚ್ಚು ಕಾದಂಬರಿ ಬರೆದು ಬಾಡಿಗೆ ಲೈಬ್ರರಿಗಳ ಹೊಟ್ಟೆ ತುಂಬಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ನರಸಿಂಹಯ್ಯನವರನ್ನು ಓದಿ ಅಕ್ಷರ ಗಟ್ಟಿ ಮಾಡಿಕೊಂಡವರೇ ಆಮೇಲೆ ಕಾರಂತರ ಕಡೆ ಹೊರಳಿದ್ದು ಎನ್ನುವುದು ಯಜಮಾನರ ವಾದ. ಎಲ್ಲರೂ ಹೊರಳಿದರು ಎಂದು ನನಗನ್ನಿಸುವುದಿಲ್ಲ. ಹೊರಳದಿದ್ದರೂ ನಷ್ಟವೇನಿಲ್ಲ.

ಅವರ ಪ್ರಶ್ನೆಯನ್ನು ಈಗ ನಾನೂ ಕೇಳತೊಡಗಿದ್ದೇನೆ. ಬೆಂಗಳೂರಿನ ಸಾಫ್ಟ್‌ವೇರ್ ಗೆಳೆಯ ‘ಹಳ್ಳಿ ಕತೆ ಸಾಕಪ್ಪ’ ಎಂದು ಬಿಟ್ಟವನು. ಅವನಿಗೆ ಯಶವಂತ ಚಿತ್ತಾಲರ ‘ಶಿಕಾರಿ’ ಕೊಟ್ಟೆ. 1979ರ ಪುಸ್ತಕ, ಮುಂಬಯಿಯ ಕಂಪೆನಿ, ಯಾರೋ ಹೂಡಿದ ಸಂಚಿಗೆ ಸಿಕ್ಕಿ ಕೆಲಸದಿಂದ ಅಮಾನತಾದ ನಾಗಪ್ಪ; ತನ್ನ ಆಫೀಸಿನ ಕತೆಯನ್ನೇ ಯಾರೋ ಕದ್ದು ಬರೆದಂತಿದೆ ಎಂದು ರಾತ್ರಿ ಹನ್ನೊಂದಕ್ಕೆ ಮೆಸೇಜು ಕಳಿಸಿದ. ‘ಕುಸುಮಬಾಲೆ’ಯ ಭಾಷೆ ಹತ್ತಲಿಲ್ಲ ಎಂದವರಿಗೆ ದೇವನೂರ ಮಹಾದೇವರ ‘ಒಡಲಾಳ’. ಕಳೆದ ಹುಂಜಕ್ಕಾಗಿ ಸಾಕವ್ವ ಊರೆಲ್ಲ ಹುಡುಕುವುದು, ಕದ್ದು ತಂದ ಕಡಲೇಕಾಯನ್ನು ಮನೆಮಂದಿಯೆಲ್ಲ ಸುತ್ತ ಕೂತು ರಾತ್ರೋರಾತ್ರಿ ತಿಂದು ಮುಗಿಸುವುದು. ಅದನ್ನು ಗಟ್ಟಿಯಾಗಿ ಓದಿದರೆ ಕಿವಿ ಪಳಗುತ್ತದೆ, ಆಮೇಲೆ ‘ಕುಸುಮಬಾಲೆ’ಗೆ ಮರಳಬಹುದು. ದಪ್ಪ ಪುಸ್ತಕಕ್ಕೆ ಹೆದರುವವರಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಇಲ್ಲವೇ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಎರಡೂ ಒಂದು ಭಾನುವಾರದ ಓದು, ಆದರೆ ಸೋಮವಾರಕ್ಕೆ ಮುಗಿಯುವಂಥವಲ್ಲ. ಉತ್ತರ ಕರ್ನಾಟಕದ ಹಳ್ಳಿಯನ್ನು ಕಾಣಬೇಕೆಂದರೆ ರಾವಬಹಾದ್ದೂರರ ‘ಗ್ರಾಮಾಯಣ’. ಇಷ್ಟು ದೊಡ್ಡ ಕಾದಂಬರಿಯ ಹೆಸರನ್ನು ಹಳೇ ಮೈಸೂರಿನವರು ಇಷ್ಟು ಕಡಿಮೆ ಎತ್ತುವುದೇಕೋ.

ಯಜಮಾನರಿಗೂ ನನಗೂ ಹೊಂದದಿದ್ದದ್ದು ಭೈರಪ್ಪನವರ ವಿಷಯದಲ್ಲಿ. ‘ಎಲ್ಲಿಂದ ಶುರು ಮಾಡೋದು’ ಎಂದರೆ ಅವರು ಎಲ್ಲರಿಗೂ ‘ಪರ್ವ’ ಕೊಡುತ್ತಾರೆ. ಮಹಾಭಾರತದ ಕತೆ ಮೊದಲೇ ಗೊತ್ತಿರುವುದರಿಂದ ದಾರಿ ತಪ್ಪುವುದಿಲ್ಲ ಎಂಬುದು ಅವರ ಲೆಕ್ಕ. ಹುಡುಗಿಗೆ ಜನ ಹೆಚ್ಚಾದರೆಂದು ಕುವೆಂಪು ಬಿಡಿಸಿದವರು ‘ಪರ್ವ’ದ ಜನಜಾತ್ರೆಗೆ ಯಾರನ್ನಾದರೂ ತಳ್ಳುವುದು ಯಾವ ನ್ಯಾಯ ಎಂದು ಜಗಳ ತೆಗೆದೆ. ‘ಕೃಷ್ಣ, ಭೀಮ, ಕುಂತಿ ಯಾರಿಗೆ ಗೊತ್ತಿಲ್ಲ ಸ್ವಾಮಿ?’ ಎಂದರು. ಗೊತ್ತಿರುವುದೇ ತೊಡಕು ಎನ್ನುವುದು ನನ್ನ ಪಟ್ಟು. ಗೊತ್ತಿರುವ ಕೃಷ್ಣನನ್ನು ಹುಡುಕಿಕೊಂಡು ಹೋದವರು ಮನುಷ್ಯ ಕೃಷ್ಣನನ್ನು ಕಂಡು ಮುನಿದು ಪುಸ್ತಕ ಮುಚ್ಚಿಟ್ಟದ್ದನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ಸಲಹೆ ‘ಗೃಹಭಂಗ’. ಬಾಯಿ ತೆಗೆದರೆ ಬೈಗುಳವೇ ಉದುರುವ ಅತ್ತೆ ಗಂಗಮ್ಮ, ಕೈಲಾಗದ ಗಂಡ, ಶ್ಯಾನುಭೋಗಿಕೆಯ ಲೆಕ್ಕ ತಾನೇ ಬರೆದು ಸಂಸಾರ ನಡೆಸುವ ನಂಜಮ್ಮ, ಊರಿಗೆ ಬಂದ ಪ್ಲೇಗು. ಅಲ್ಲಿ ಲೇಖಕರು ನಮಗೇನನ್ನೂ ಒಪ್ಪಿಸಲು ಹೊರಟಿಲ್ಲ. ಅವರ ನಂತರದ ಕೆಲವು ಪುಸ್ತಕಗಳಿಗೆ ಈ ಮಾತು ಸಲ್ಲದು. ‘ಗೃಹಭಂಗ’ ಮುಗಿಸಿದ ಕೂಡಲೇ ಅವರ ಆತ್ಮಕಥೆ ‘ಭಿತ್ತಿ’ ಹಿಡಿಯಿರಿ. ನಂಜಮ್ಮನ ಮನೆಯ ಯಾವ ದುಃಖ ಲೇಖಕರ ಸ್ವಂತ ಮನೆಯದು ಎಂದು ಅಲ್ಲಿ ತಿಳಿಯುತ್ತದೆ. ‘ಪರ್ವ’ ಆಮೇಲೆ, ಮಳೆಗಾಲದ ರಜೆಗೆ ಇರಲಿ.