ಡಿಸೆಂಬರಿನ ರಜೆ: ಆಲ್ಪ್ಸ್‌ಗೋ, ಅಜ್ಜಿಯ ಮನೆಗೋ?

ಕುಮಟಾದಿಂದ ಹೊನ್ನಾವರದತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೆಲವೇ ಕಿಲೋಮೀಟರು ಸಾಗಿದರೆ ಧಾರೇಶ್ವರ. ರಾವಣನ ಆತ್ಮಲಿಂಗದ ಕಥೆಯೊಡನೆ ಬೆಸೆದುಕೊಂಡ ಪಂಚಕ್ಷೇತ್ರಗಳಲ್ಲಿ ಇದೂ ಒಂದು. ನನ್ನ ಅಕ್ಕನ ಮನೆ ಇರುವುದು ಇಲ್ಲಿ. ಅವಳಿಗೀಗ ಎಂಬತ್ತು ಸಮೀಪಿಸಿದೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ನವರಾತ್ರಿ ಮುಗಿದ ವಾರ ಸೋದರಳಿಯನ ದೂರವಾಣಿ ಕರೆ ಬಂತು. 'ಮಾವ, ಈ ಡಿಸೆಂಬರಿಗೆ ಯುರೋಪಿಗೆ ಹೋಗೋಣವೆಂದಿದ್ದೇವೆ. ಮಕ್ಕಳಿಗೆ ಹಿಮ ತೋರಿಸಬೇಕು. ಯಾವ ದೇಶ ಒಳ್ಳೆಯದು?' ಅದೇ ಸಂಜೆ ಅಕ್ಕನೂ ಕೇಳಿದಳು: 'ಮಕ್ಕಳು ಯಾವತ್ತು ಬರ್ತಾರಂತೆ? ಮಾಳಿಗೆಯ ಕೋಣೆ ಗುಡಿಸಿ ಇಡಬೇಕಿತ್ತು.'

ಇಬ್ಬರೂ ಕೇಳುತ್ತಿದ್ದುದು ಒಂದೇ ಹತ್ತು ದಿನಗಳ ಬಗ್ಗೆ.

ಇದು ನಮ್ಮೊಂದು ಮನೆಯ ಕಥೆಯಲ್ಲ. ಒಂದು ತಲೆಮಾರಿನ ಹಿಂದೆ ಯುರೋಪ್ ಎಂದರೆ ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ'ದಲ್ಲಿ ಓದಿ ತಿಳಿಯುವ ಲೋಕವಾಗಿತ್ತು. ಇಂದು ಗಂಡ ಹೆಂಡತಿ ಇಬ್ಬರೂ ದುಡಿಯುವ ಮಧ್ಯಮ ವರ್ಗದ ಕುಟುಂಬಕ್ಕೆ ಅದು ಎರಡು ವರ್ಷಗಳ ಉಳಿತಾಯದ ಮಾತು. ಇದರಲ್ಲಿ ತಪ್ಪೇನೂ ಇಲ್ಲ. ಕರ್ನಾಟಕದ ಯಾವ ಮೂಲೆಯಲ್ಲೂ ಹಿಮ ಬೀಳುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಮಗುವಿನ ಆಸೆಯನ್ನು ಶೋಕಿ ಎಂದು ತಳ್ಳಿಹಾಕುವ ಹಿರಿಯರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಎಲ್ಲಿಗೆ, ಯಾವಾಗ ಎಂಬ ಪ್ರಶ್ನೆಗಳನ್ನು ನಾವು ಸಾಕಷ್ಟು ಯೋಚಿಸದೆ ಪ್ರವಾಸ ಸಂಸ್ಥೆಯ ಬಣ್ಣದ ಹಾಳೆಗೆ ಒಪ್ಪಿಸಿಬಿಡುತ್ತೇವೆ.

ಆ ಹಾಳೆಯಲ್ಲಿ ಕಾಣದ ಮೊದಲ ಸಂಗತಿ ಬೆಳಕು. ಡಿಸೆಂಬರ್ ಕೊನೆಯಲ್ಲಿ ಧಾರೇಶ್ವರದಲ್ಲಿ ಹಗಲು ಹನ್ನೊಂದು ಗಂಟೆಗೂ ಮಿಕ್ಕಿ ಇರುತ್ತದೆ. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಸುಮಾರು ಎಂಟೂವರೆ ಗಂಟೆ, ಹೆಲ್ಸಿಂಕಿಯಲ್ಲಿ ಆರು ಗಂಟೆಗೂ ಕಡಿಮೆ. ಸಾಂತಾಕ್ಲಾಸನ ಊರೆಂದು ಹೆಸರಾದ ಫಿನ್ಲೆಂಡಿನ ರೊವಾನಿಯೆಮಿಯಲ್ಲಿ ಸೂರ್ಯ ಎರಡು ಗಂಟೆಯ ಹೊತ್ತು ಮುಖ ತೋರಿಸಿ ಮರೆಯಾಗುತ್ತಾನೆ. ನಾರ್ವೆಯ ಟ್ರಾಮ್ಸೊದಲ್ಲಿ ಆಗ ಸೂರ್ಯೋದಯವೇ ಇಲ್ಲ. ಧ್ರುವಪ್ರಭೆ ನೋಡುವ ಹಂಬಲದ ದೊಡ್ಡವರಿಗೆ ಇದು ಸೊಗಸು. ನಾಲ್ಕು ವರ್ಷದ ಮಗುವಿಗೆ ಮಧ್ಯಾಹ್ನ ಎರಡಕ್ಕೇ ಕವಿಯುವ ಕತ್ತಲೆ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ, ಮೂರು ಪದರದ ಬಟ್ಟೆ ತೊಟ್ಟು ಬಿಚ್ಚುವ ಗೋಳು.

ಎರಡನೆಯದು ಓಡಾಟ. ಮೂರು ವರ್ಷಗಳ ಹಿಂದೆ ನನ್ನ ಸ್ನೇಹಿತರೊಬ್ಬರ ಕುಟುಂಬ 'ಹತ್ತು ದಿನ, ಏಳು ನಗರ' ಎಂಬ ಚಳಿಗಾಲದ ಗುಂಪು ಪ್ರವಾಸಕ್ಕೆ ಹೋಗಿತ್ತು. ಬೆಳಕು ಹರಿಯುವ ಮೊದಲು ಬಸ್ಸು ಹತ್ತಿ, ಕತ್ತಲಾದ ಮೇಲೆ ಹೋಟೆಲು ಸೇರುವುದೇ ಆಯಿತು. 'ಏನು ನೋಡಿದೆ?' ಎಂದು ಕೇಳಿದರೆ ಮಗು 'ಬಸ್ಸಿನ ಕಿಟಕಿ' ಎಂದಿತ್ತು. ಹಗಲು ಮೊಟಕಾಗಿರುವ ಕಾಲದಲ್ಲಿ ನಗರಗಳ ಪಟ್ಟಿ ಉದ್ದವಾಗಬಾರದು. ಮಕ್ಕಳಿದ್ದರೆ ಒಂದೇ ಊರಿನಲ್ಲಿ, ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದು ವಾರವಿಡೀ ತಂಗುವುದು ಲೇಸು. ಅನ್ನ ಸಾರು ಮಾಡಿಕೊಂಡರೆ ಸಸ್ಯಾಹಾರದ ಅರ್ಧ ಚಿಂತೆ ಅಲ್ಲಿಗೇ ಮುಗಿಯಿತು.

ಮೂರನೆಯದು ಕಾಗದಪತ್ರ ಮತ್ತು ಖರ್ಚು. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45 ಯೂರೊ. ಆರಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಅರ್ಜಿ ತಿರಸ್ಕೃತವಾದರೆ ಹಣ ಮರಳಿ ಬಾರದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಆರು ತಿಂಗಳು ಮೊದಲೇ ಸಲ್ಲಿಸಬಹುದು. ನವರಾತ್ರಿ ಕಳೆದ ಮೇಲೆ ಕ್ರಿಸ್‌ಮಸ್‌ಗೆ ಹೊರಡುವ ಯೋಚನೆ ಮಾಡುವುದೆಂದರೆ ಅತ್ಯಂತ ದುಬಾರಿ ವಾರಕ್ಕೆ ಅತ್ಯಂತ ತಡವಾಗಿ ಕೈಚಾಚಿದಂತೆ. ಲಂಡನ್ನಿಗೂ ಹೋಗಬೇಕೆಂದರೆ ಅದಕ್ಕೆ ಬೇರೆಯೇ ವೀಸಾ. ಡಿಸೆಂಬರ್ 25ರಂದು ಅಲ್ಲಿ ಮೆಟ್ರೊ ರೈಲೂ ಓಡುವುದಿಲ್ಲ. ಪ್ರಸಿದ್ಧವಾದ ಕ್ರಿಸ್‌ಮಸ್ ಸಂತೆಗಳಲ್ಲಿ ಬಹಳಷ್ಟು 24ರ ಹೊತ್ತಿಗೆ ಬಾಗಿಲು ಮುಚ್ಚುತ್ತವೆ. ನಮ್ಮ ಶಾಲೆಗಳ ರಜೆ ಶುರುವಾಗುವುದು ಆ ಆಸುಪಾಸಿನಲ್ಲೇ!

ಡಿಸೆಂಬರಿನಲ್ಲೇ ಹೋಗಲೇಬೇಕು ಎನ್ನುವವರಿಗೆ ದಾರಿ ಇಲ್ಲವೆಂದಲ್ಲ. ಪುಟ್ಟ ಮಕ್ಕಳಿದ್ದರೆ ದಕ್ಷಿಣಕ್ಕೆ ಹೋಗಬಹುದು. ಲಿಸ್ಬನ್‌ನಲ್ಲಿ ಒಂಬತ್ತೂವರೆ ಗಂಟೆಯ ಹಗಲಿದೆ, ಚಳಿಯೂ ಹಿತಮಿತ. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಸ್ವೆಟರೂ ಬೇಕೆನಿಸದ ಮಧ್ಯಾಹ್ನಗಳಿವೆ. ಆದರೆ ಅಲ್ಲಿ ಸಿಗುವುದು ಬೆಚ್ಚನೆಯ ಬಿಸಿಲು ಮತ್ತು ಕಡಲು. ಅವೆರಡನ್ನೂ ಧಾರೇಶ್ವರದಲ್ಲೇ ಇಟ್ಟುಕೊಂಡಿರುವ ನಮಗೆ ಅದಕ್ಕಾಗಿ ಇಷ್ಟು ದೂರ ಏಕೆ?

ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟೆ: ಪಂಚಾಂಗವನ್ನು ತಿರುಗಿಸಿ ನೋಡು. ನಮ್ಮ ದೊಡ್ಡ ರಜೆ ಏಪ್ರಿಲ್, ಮೇ. ಕರಾವಳಿ ಆಗ ಬೆವರಿನ ಕುಲುಮೆ. ಜೂನ್ ಬಂತೆಂದರೆ ಜಡಿಮಳೆ. ಮಕ್ಕಳನ್ನು ಅಜ್ಜಿಯ ಮನೆಗೆ ಕರೆತರಲು ಹಿತವಾದ ಕಾಲವೆಂದರೆ ಡಿಸೆಂಬರ್. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಕುಮಟಾ. ಕಡಲು ತಣ್ಣಗಿರುತ್ತದೆ, ಬಯಲಾಟದ ಚೆಂಡೆ ಕೇಳಿಸುತ್ತದೆ, ಆಲೆಮನೆಗಳಲ್ಲಿ ಬೆಲ್ಲದ ಪಾಕ ಕುದಿಯುತ್ತದೆ. ಇದು ಏಪ್ರಿಲಿನಲ್ಲಿ ಸಿಗದು. ಹಿಮ ಮಾತ್ರ ಏಪ್ರಿಲಿನಲ್ಲೂ ಸಿಗುತ್ತದೆ. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್ ನಿಲ್ದಾಣಕ್ಕೆ 1912ರಿಂದ ರೈಲು ಹೋಗುತ್ತಿದೆ. ಅಲ್ಲಿ ವರ್ಷವಿಡೀ ಹಿಮ. ಏಪ್ರಿಲ್ ಕೊನೆಗೆ ಸ್ವಿಟ್ಜರ್ಲೆಂಡಿನ ಹಗಲು ಹದಿನಾಲ್ಕು ಗಂಟೆಗೆ ಹಿಗ್ಗಿರುತ್ತದೆ. ಆ ಹೊತ್ತಿಗೆ ಬೆಟ್ಟದ ಕೆಲವು ತಂತಿ ಬಂಡಿಗಳು ದುರಸ್ತಿಗೆಂದು ನಿಂತಿರುತ್ತವೆ, ಮೊದಲೇ ವಿಚಾರಿಸಿಕೊಳ್ಳಬೇಕು. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಚಿಕ್ಕ ಮಕ್ಕಳ ಬಗ್ಗೆ ವೈದ್ಯರ ಸಲಹೆಯನ್ನೂ ಕೇಳಬೇಕು.

ಅವನು ಒಂದು ಕ್ಷಣ ಸುಮ್ಮನಿದ್ದ. ಬಳಿಕ, 'ಕಚೇರಿಯಲ್ಲಿ ಏಪ್ರಿಲಿಗೆ ರಜೆ ಕೊಡುವುದು ಕಷ್ಟ ಮಾವ' ಎಂದ. ನಿಜ, ಕಷ್ಟವೇ. ಹಿಮ ಮುಂದಿನ ವರ್ಷವೂ ಬೀಳುತ್ತದೆ. ಎಂಬತ್ತರ ಹೊಸ್ತಿಲಲ್ಲಿರುವವರ ಡಿಸೆಂಬರುಗಳಿಗೆ ಅಂಥ ಭರವಸೆ ಇಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಅವನಿಗೆ ಅದು ತಿಳಿಯದ್ದೇನಲ್ಲ.

ವಾರದ ನಂತರ ಅವನೇ ತಾಯಿಗೆ ಕರೆ ಮಾಡಿ, ಡಿಸೆಂಬರ್ 23ಕ್ಕೆ ಬರುತ್ತೇವೆ, ವಿದೇಶದ ಪ್ರಯಾಣ ಏಪ್ರಿಲಿಗೆ ಎಂದನಂತೆ. ಅಕ್ಕ ನನಗೆ ಸುದ್ದಿ ಮುಟ್ಟಿಸಿದಳು. ಸಂತೋಷದ ಮಾತೇನೂ ಆಡಲಿಲ್ಲ. 'ಅಲ್ಲಿ ಅಷ್ಟು ಚಳಿಯಂತಲ್ಲೋ, ಮಕ್ಕಳ ಸ್ನಾನಕ್ಕೆ ಬಿಸಿನೀರು ಸಿಕ್ತದಾ?' ಎಂದು ಕೇಳಿದಳು.